ಒಂಟಿಕಾಲಿನ ತಪಸ್ಸು

ಕಾಲು ಉಳುಕಿದರೆ ನಮ್ಮಲ್ಲಿ ಸಲಹೆಗೆ ಬರವೇ? ಎಣ್ಣೆ ನೀವಿ ಅನ್ನುವವರೊಬ್ಬರು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಿ ಅನ್ನುವವರು ಇನ್ನೊಬ್ಬರು. ಊತ ಇಳಿದು ತಿಂಗಳುಗಳಾದ ಮೇಲೂ ಅದೇ ಕಾಲು ಸಪಾಟು ನೆಲದಲ್ಲೇ ಹೊರಳುತ್ತದಲ್ಲ, ಆಗ ಎಲ್ಲರೂ ಚಪ್ಪಲಿಯನ್ನು ಬೈದು ಸುಮ್ಮನಾಗುತ್ತಾರೆ.

1965ರಲ್ಲೇ ಫ್ರೀಮನ್ ಎಂಬ ಬ್ರಿಟಿಷ್ ವೈದ್ಯರು ಬೇರೆ ಅನುಮಾನಪಟ್ಟಿದ್ದರು. ಕೀಲಿನ ಲಿಗಮೆಂಟ್ ಹರಿದಾಗ, ಪಾದ ಎತ್ತ ವಾಲಿದೆ ಎಂದು ಮಿದುಳಿಗೆ ವರದಿ ಒಪ್ಪಿಸುವ ನರದ ತುದಿಗಳೂ ಕೆಡುತ್ತವೆ. ಚಾಡಿ ಹೇಳುವವನೇ ರಜೆ ಹಾಕಿದರೆ ಯಜಮಾನನಿಗೆ ಸುದ್ದಿ ಮುಟ್ಟುವುದು ಹೇಗೆ? ಅವರು ಹೇಳಿದ ಮದ್ದು, ಅಲುಗಾಡುವ ಹಲಗೆಯ ಮೇಲೆ ನಿಂತು ಅಭ್ಯಾಸ.

ಫಿಸಿಯೋಥೆರಪಿಸ್ಟರು ಹಲಗೆಗೂ ಮುಂಚೆ ಬರಿನೆಲದಲ್ಲಿ ಒಂಟಿಕಾಲಲ್ಲಿ ನಿಲ್ಲಿಸುತ್ತಾರೆ. ಇಷ್ಟೇನಾ ಅನಿಸುತ್ತದೆ. ಆಮೇಲೆ ಕಣ್ಣು ಮುಚ್ಚಿ ಅನ್ನುತ್ತಾರೆ. ಮುಚ್ಚಿದ್ದೇ ತಡ, ಬೆರಳುಗಳು ನೆಲ ಕಚ್ಚುತ್ತವೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಪಟಪಟ ಕುಣಿಯುತ್ತದೆ, ಕೈಗಳು ಗಾಳಿಯಲ್ಲಿ ಗೋಡೆ ಹುಡುಕುತ್ತವೆ. (ಗೋಡೆ ಹತ್ತಿರವೇ ಇರಲಿ, ಇದು ತಮಾಷೆಯಲ್ಲ.)

ಮನೆಯಲ್ಲಿ ಹಲ್ಲುಜ್ಜುವಾಗ ಮಾಡಿಕೊಂಡರೆ ಸಮಯ ಉಳಿತಾಯ. ನಾನು ಹಾಗೆ ನಿಂತಿದ್ದಾಗ ಅತ್ತೆ ಇಣುಕಿ, ಮಗಳನ್ನು ಮೆಲ್ಲಗೆ ಕೇಳಿದರು: “ಅಳಿಯಂದಿರು ಯಾವ ದೇವರಿಗೆ ಹರಕೆ ಹೊತ್ತಿದ್ದಾರೆ?”