ಕಾಕಾನ ಪ್ಲೇಯರೂ ಫ್ಯಾಟ್ ಮೂವತ್ತೆರಡೂ

ನರಗುಂದದ ಮೊಬೈಲ್ ಅಂಗಡಿಗಳಲ್ಲಿ ಸಿಗುವ ಅಂಗೈ ಅಗಲದ ಪ್ಲೇಯರ್‌ಗೆ ಮೂರೇ ವಿದ್ಯೆ ಗೊತ್ತು: ಎಫ್‌ಎಂ ಹಿಡಿಯುವುದು, ಮೆಮೊರಿ ಕಾರ್ಡ್ ಓದುವುದು, ಬ್ಯಾಟರಿ ಸೊರಗಿದಾಗ ಯಾವುದೋ ದೇಶದ ಹೆಣ್ಣುಮಗಳ ದನಿಯಲ್ಲಿ ಗದರುವುದು. ಹೆಸರುಕಾಯಿ ಬಿಡಿಸುವಾಗ, ಗೋವಿನಜೋಳಕ್ಕೆ ನೀರು ಹಾಯಿಸುವಾಗ ಬದುವಿನ ಬೇವಿನ ಗಿಡಕ್ಕೆ ಇಂಥದೊಂದು ಜೋತುಬಿದ್ದಿರಲೇಬೇಕು. ನಮ್ಮ ಕಾಕಾನೂ ಒಂದು ತಂದರು. ಜೊತೆಗೆ ಹಾಡು ತುಂಬಿಸಿದ 64 ಜಿಬಿ ಕಾರ್ಡು. 32ರದ್ದು ಸಾಕಿತ್ತಲ್ಲ ಎಂದರೆ, “ಹೊಲ ಆಗ್ಲಿ ಕಾರ್ಡ್ ಆಗ್ಲಿ, ದೊಡ್ಡದ ಇರಬೇಕ ತಮ್ಮಾ” ಎಂದರು.

ಪ್ಲೇಯರ್ ಆ ದೊಡ್ಡದನ್ನು ನುಂಗಿ, ಒಂದು ಗಳಿಗೆ ಯೋಚಿಸಿ, “ನೋ ಫೈಲ್” ಎಂದಿತು.

ಅಂಗಡಿಯ ಹುಡುಗನದು ಡಾಕ್ಟರರ ಗಾಂಭೀರ್ಯ. “ಅಜ್ಜಾರ, ಇದು ಎಕ್ಸ್‌ಫ್ಯಾಟ್ ಐತ್ರಿ. ನಿಮ್ಮ ಪ್ಲೇಯರ್‌ಗೆ ಫ್ಯಾಟ್ ಮೂವತ್ತೆರಡ ಬೇಕ್ರಿ. ಫಾರ್ಮ್ಯಾಟ್ ಹೊಡೀಲೇನ್ರಿ? ಹಾಡೆಲ್ಲಾ ಹೋಗ್ತಾವ್ರಿ ಮತ್ತ.”

ಎಲ್ಲಿಗೆ ಹೋಗುತ್ತವೆ ಎಂದು ಕಾಕಾ ನನ್ನನ್ನು ಕೇಳಿದರು. ಮನೆತನದಲ್ಲಿ ಕಂಪ್ಯೂಟರ್ ಮುಟ್ಟಿದವನು ನಾನೊಬ್ಬನೇ ಆದ್ದರಿಂದ, ಮಿಕ್ಸರ್ ಕೆಟ್ಟರೂ ನನ್ನನ್ನೇ ಕೇಳುವ ರೂಢಿ. ಹೊಲಕ್ಕೆ ಉತಾರ ಇದ್ದಂತೆ ಕಾರ್ಡಿಗೂ ಒಂದು ಉತಾರ ಇರುತ್ತದೆ, ಯಾವ ಹಾಡು ಎಲ್ಲಿಂದ ಎಲ್ಲಿಯವರೆಗೆ ಎಂದು ಅದರಲ್ಲಿ ಬರೆದಿರುತ್ತದೆ ಎಂದು ಹೇಳಿದೆ. ಗಡಿಬಿಡಿಯ ಫಾರ್ಮ್ಯಾಟ್ ಅಳಿಸುವುದು ಉತಾರವನ್ನು ಮಾತ್ರ. ಹಾಡು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೆಯದನ್ನು ಬರೆಯುವ ತನಕ. ಕಾಕಾನಿಗೆ ತಕ್ಷಣ ತಿಳಿಯಿತು. “ಹಂಗಾರ ತಹಶೀಲ್ದಾರಗ ಅರ್ಜಿ ಕೊಟ್ರ ತಿರಗಿ ಬರ್ತಾವು ಅನ್ನು.” ಬರುತ್ತವೆ, ಅದಕ್ಕೂ ಸಾಫ್ಟ್‌ವೇರ್‌ಗಳಿವೆ. ಉತಾರ ಬರೆಯುವ ಪದ್ಧತಿಗಳಲ್ಲಿ ಒಂದಾದ ಫ್ಯಾಟ್ ಅದರ ಎರಡು ಪ್ರತಿ ಇಟ್ಟಿರುತ್ತದೆ ಎಂದೂ ಸೇರಿಸಿದೆ. “ಎರಡೂ ತಪ್ಪಿರ್ತಾವಲಾ?” ಎಂದರು. ಕಂದಾಯ ಇಲಾಖೆಯ ಅನುಭವ ಮನುಷ್ಯನನ್ನು ಎಷ್ಟು ಬೇಗ ತಂತ್ರಜ್ಞನನ್ನಾಗಿ ಮಾಡುತ್ತದೆ!

ಈ ಫ್ಯಾಟ್ ಮನೆತನ ಹಳೆಯದು. ಮೂಲಪುರುಷ ಹುಟ್ಟಿದ್ದು 1977ರಲ್ಲಿ, ನರಗುಂದದ ರೈತರು ಬೀದಿಗಿಳಿದ 1980ಕ್ಕೂ ಮೊದಲು. ಫ್ಯಾಟ್ 32 ಬಂದದ್ದು 1996ರಲ್ಲಿ. ಅಂದರೆ 1997ರಲ್ಲಿ ಧಾರವಾಡದಿಂದ ಬೇರೆಯಾದ ನಮ್ಮ ಗದಗ ಜಿಲ್ಲೆಗಿಂತ ಒಂದು ವರ್ಷ ಹಿರಿಯ. ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಪದ್ಧತಿ 1993ರದ್ದು, ಆಫೀಸು ಕಂಪ್ಯೂಟರುಗಳ ಜಾಣ. ಬೇವಿನ ಗಿಡದ ಪ್ಲೇಯರ್‌ಗೂ ಅದಕ್ಕೂ ಮಾತುಕತೆ ಇಲ್ಲ. ಎಕ್ಸ್‌ಫ್ಯಾಟ್ 2006ರ ಕೂಸು. 32 ಜಿಬಿ ದಾಟಿದ ಕಾರ್ಡುಗಳಿಗೆ ಕಾರ್ಖಾನೆಯಲ್ಲೇ ಅದನ್ನು ತುಂಬಿ ಕಳಿಸುತ್ತಾರೆ. ಕಾಕಾನ ಕಾರ್ಡಿನ ಕಥೆಯೂ ಅದೇ.

ಸರಿ, ಫ್ಯಾಟ್ 32 ಮಾಡೋಣವೆಂದು ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್‌ನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. 32 ಜಿಬಿಗಿಂತ ದೊಡ್ಡದಕ್ಕೆ ಅದು ಫ್ಯಾಟ್ 32 ತೋರಿಸುವುದೇ ಇಲ್ಲ. ಈ ಗೆರೆ ಎಳೆದವರು ಡೇವ್ ಪ್ಲಮ್ಮರ್ ಎಂಬ ಇಂಜಿನಿಯರ್. 1994ರ ಸುಮಾರಿಗೆ ಫಾರ್ಮ್ಯಾಟ್ ಮಾಡುವ ಆ ಕಿಟಕಿಯನ್ನು ತಾತ್ಕಾಲಿಕವೆಂದು ಮಾಡಿದ್ದು, 32 ಎಂಬ ಮಿತಿಯೂ ಆಗ ತೋಚಿದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ 2024ರಲ್ಲಿ ಮೈಕ್ರೋಸಾಫ್ಟ್ ಮಿತಿಯನ್ನು 2 ಟಿಬಿಗೆ ಏರಿಸುವುದಾಗಿ ಸಾರಿತು, ಅದೂ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುವವರಿಗೆ ಮಾತ್ರ. ಮಹದಾಯಿ ನೀರಿಗಾಗಿ 2015ರಲ್ಲಿ ಧರಣಿ ಕೂತ ಊರಿನವರಿಗೆ ತಾತ್ಕಾಲಿಕದ ಆಯುಷ್ಯ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಫ್ಯಾಟ್ 32ಕ್ಕೆ ಇನ್ನೊಂದು ಪಥ್ಯ ಉಂಟು. ಒಂದೇ ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಂಪಿ3 ಹಾಡು ಐದಾರು ಎಂಬಿ ಇರುವಾಗ ಅದರ ಚಿಂತೆ ಯಾಕೆ ಎನ್ನುವವರು ಶ್ರೀಕೃಷ್ಣ ಪಾರಿಜಾತ ಪೂರ್ತಿ ನೋಡಿದವರಲ್ಲ. ಸಿಡಿ ಗುಣಮಟ್ಟದ ವೇವ್ ಫೈಲಿಗೆ ಒಂದು ನಿಮಿಷಕ್ಕೆ ಹತ್ತು ಎಂಬಿ ಬೇಕು. ಲೆಕ್ಕ ಹಾಕಿದರೆ 4 ಜಿಬಿ ತುಂಬಲು ಆರು ಮುಕ್ಕಾಲು ತಾಸು. ರಾತ್ರಿ ಹತ್ತಕ್ಕೆ ಶುರುವಾದ ಆಟವನ್ನು ಹೀಗೆ ಹಿಡಿದಿಟ್ಟರೆ ನಸುಕಿನ ಐದು ಗಂಟೆಯೊಳಗೆ ಉತಾರದ ಸಾಲು ಮುಗಿಯುತ್ತದೆ. ಕೃಷ್ಣ ಇನ್ನೂ ಸತ್ಯಭಾಮೆಯನ್ನು ಒಲಿಸುತ್ತಲೇ ಇರುತ್ತಾನೆ!

ನಿಜವಾದ ಫಜೀತಿ ಶುರುವಾದದ್ದು ಅಂಗಡಿಯ ಹುಡುಗ ಹೇಗೋ ಫಾರ್ಮ್ಯಾಟ್ ಮುಗಿಸಿಕೊಟ್ಟ ಮೇಲೆ. ಕಾಕಾನ ಬೇಡಿಕೆ ಸ್ಪಷ್ಟವಾಗಿತ್ತು: ಬೆಳಿಗ್ಗೆ ಬಸವಣ್ಣನವರ ವಚನ, ಆಮೇಲೆ ಮಲ್ಲಿಕಾರ್ಜುನ ಮನಸೂರರ ತೋಡಿ, ರೊಟ್ಟಿ ಉಂಡು ಅಡ್ಡಾದಾಗ ಗಂಗೂಬಾಯಿಯವರ ಭೀಮಪಲಾಸಿ, ಹೊತ್ತು ಮುಳುಗುವಾಗ ಬಸವರಾಜ ರಾಜಗುರುಗಳ ನಾಟ್ಯಗೀತೆ. ಮೊಮ್ಮಗನ ಪಾಲಿಗೆ ಟ್ರ್ಯಾಕ್ಟರ್ ಹಾಡು, ಅದೂ ಡಿಜೆ ಹಾಕಿದ್ದು. ಇಂಥ ಅಗ್ಗದ ಪ್ಲೇಯರುಗಳಲ್ಲಿ ಬಹಳಷ್ಟು ಅಕಾರಾದಿ ಲೆಕ್ಕಿಸುವುದಿಲ್ಲ. ಫ್ಯಾಟ್‌ನಲ್ಲಿ ಹೆಸರುಗಳು ಬರೆದ ಸರತಿಯಲ್ಲೇ ಕೂತಿರುತ್ತವೆ, ಪ್ಲೇಯರ್ ಅದೇ ಸರತಿಯಲ್ಲಿ ಹಾಡುತ್ತದೆ. ಮೊಮ್ಮಗ ತನ್ನದನ್ನು ಮೊದಲು ತುಂಬಿದ್ದ. ನಸುಕಿನಲ್ಲಿ ಹೊಲಕ್ಕೆ ಹೋದ ಕಾಕಾ ಕೈಮುಗಿದು ಗುಂಡಿ ಒತ್ತಿದರೆ, ಅರ್ಧ ಸೀಮೆಯ ಕೊಕ್ಕರೆಗಳು ಏಳುವಂತೆ ಡಿಜೆ ಬಡಿಯಿತು. ಹಿಂದೂಸ್ತಾನಿ ಸಂಗೀತಕ್ಕೆ ಹೊತ್ತಿನ ಕಟ್ಟುಪಾಡು ಇದೆ, ಫ್ಯಾಟ್‌ಗೆ ಇಲ್ಲ.

ಹೆಸರಿನ ಪಾಡಂತೂ ಕೇಳಬೇಡಿ. ಉದ್ದ ಹೆಸರು ಬರೆಯುವ ಸೌಕರ್ಯ ವಿಂಡೋಸ್ 95ರ ಕಾಲಕ್ಕೇ ಬಂದರೂ, ಕೆಲವು ಪ್ಲೇಯರುಗಳು ಇನ್ನೂ ಹಳೆಯ ಎಂಟಕ್ಷರದ ಇಂಗ್ಲಿಷ್ ಹೆಸರನ್ನೇ ಓದುತ್ತವೆ: ಮೊದಲ ಆರು ಅಕ್ಷರ, ಹಾವಿನಂಥ ಒಂದು ಗೆರೆ, ಒಂದು ಅಂಕಿ. ಮನಸೂರರು ‘ಮಲ್ಲಿಕ್’ ಆದರು. ಬಸವಣ್ಣನವರು ‘ಬಸವ 1’, ರಾಜಗುರುಗಳು ‘ಬಸವ 2’. ಕನ್ನಡದಲ್ಲೇ ಹೆಸರು ಕೊಟ್ಟ ಫೈಲುಗಳಿಗೆ ಅಷ್ಟೂ ಭಾಗ್ಯವಿಲ್ಲ, ಪರದೆಯ ತುಂಬ ಚೌಕಗಳು. ಬಸವ 1 ಬಸವ 2 ಕಂಡು ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. “ಇಬ್ರೂ ದೊಡ್ಡವರ ಬಿಡು” ಎಂದರು.

ಇದೇ ಗದಗ ಸೀಮೆಯ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷದ ಹಾಡು. 32 ಜಿಬಿ ಕಾರ್ಡಿಗೆ ಸಾಧಾರಣ ಎಂಪಿ3 ತುಂಬಿದರೆ ಹಗಲು ರಾತ್ರಿ ಬಿಡದೆ ಇಪ್ಪತ್ತು ದಿನಕ್ಕೂ ಮಿಕ್ಕಿ ಹಾಡುತ್ತದೆ. ಆದರೂ ನಮ್ಮ ಮನೆಯಿಂದ ಸಂಗೀತಕ್ಕಾಗಿ ಇನ್ನೂ ಯಾರೂ ಓಡಿಹೋಗಿಲ್ಲ. ಸಂಗೀತದ ಕಾಟಕ್ಕೆ ಮಾತ್ರ ಚಿಗವ್ವ ಒಮ್ಮೆ ತವರಿಗೆ ಹೋಗಿಬಂದರು.

ಕೊನೆಗೆ, ಈ ರಗಳೆಯೇ ಬೇಡವೆಂದು, ಅಂಗಡಿಯ ಹುಡುಗ 64ರದ್ದನ್ನು ವಾಪಸ್ ತೆಗೆದುಕೊಂಡು 32ರದ್ದು ಕೊಟ್ಟ. ಉಳಿದ ದುಡ್ಡಿಗೆ ಕಾಕಾ ಮಿರ್ಚಿ ತಿನ್ನಿಸಿದರು. ಜಾಣ ಫಾರ್ಮ್ಯಾಟ್ ಯಾವುದು ಎಂದು ಕೇಳಿದರೆ ಎನ್‌ಟಿಎಫ್‌ಎಸ್ ಎನ್ನುತ್ತೇನೆ. ಮಾಡುವ ಕೆಲಸವನ್ನು ಮೊದಲು ಬರೆದಿಟ್ಟುಕೊಂಡೇ ಮಾಡುವುದರಿಂದ ನಡುವೆ ಕರೆಂಟ್ ಹೋದರೂ ತನ್ನ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಫ್ಯಾಟ್‌ಗೆ ಆ ಶಿಸ್ತಿಲ್ಲ. ಆದರೆ ಆರಿಸಬೇಕಾದವರು ನಾವಲ್ಲ, ಪ್ಲೇಯರ್. ಅದಕ್ಕೆ ಬರುವ ಭಾಷೆ ಒಂದೇ ಆದಾಗ ಉಳಿದವುಗಳ ಜಾಣತನ ಕಟ್ಟಿಕೊಂಡು ಏನು ಮಾಡುವುದು?

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಪ್ಲೇಯರಿನ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ. 32 ಜಿಬಿ ತನಕ ಎಂದಿದ್ದರೆ 32ರದ್ದನ್ನೇ ಕೊಳ್ಳಿ, ಫ್ಯಾಟ್ 32 ಮಾಡಿಸಿ, ಬೆಳಗಿನ ಹಾಡನ್ನು ಮೊದಲು ತುಂಬಿ. ಕಂಪ್ಯೂಟರಿನಿಂದ ಕಾರ್ಡನ್ನು ಮೂಲಂಗಿ ಕಿತ್ತಂತೆ ಕೀಳದೆ, ಇಜೆಕ್ಟ್ ಒತ್ತಿ ತೆಗೆಯಿರಿ. ಮೊಮ್ಮಕ್ಕಳಿಗೆ ಬೇರೆ ಕಾರ್ಡ್ ಕೊಡಿಸಿ.