ಮಂಗಳೂರಿನಲ್ಲಿ ಮಂಗ ಕಂಡ ಮಷೀನು

ಭಾನುವಾರ ಸಂಜೆ ಹೈದರಾಬಾದಿನ ಸನತ್‌ನಗರದ ನಮ್ಮ ಮನೆಯಲ್ಲಿ ಎರಡೇ ಕೆಲಸ. ಚಹಾದಲ್ಲಿ ಅದ್ದಿದ ಉಸ್ಮಾನಿಯಾ ಬಿಸ್ಕತ್ತು ಮುರಿದು ಬೀಳುವುದರೊಳಗೆ ಬಾಯಿಗೆ ಸೇರಿಸುವುದು, ಅಕ್ಕನ ಮಗ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು. ಹೈಟೆಕ್ ಸಿಟಿಯಲ್ಲಿ ಕಂಪ್ಯೂಟರಿಗೆ ಬುದ್ಧಿ ಕಲಿಸುವ ನೌಕರಿ ಅವನದು. ನಮಗೂ ಬುದ್ಧಿ ಹೇಳುತ್ತಾನೆ, ಅದಕ್ಕೆ ಸಂಬಳವಿಲ್ಲ.

ಈ ಸಲ ಅವನ ತಲೆ ಹೊಕ್ಕಿದ್ದು ವಿಕಿಪೀಡಿಯ. ಕನ್ನಡದ್ದು 2003ರಲ್ಲೇ ಶುರುವಾಯಿತು. ಯಾರು ಬೇಕಾದರೂ ತಿದ್ದಬಹುದು ಅಂದಮೇಲೆ ಯಾರು ಬೇಕಾದರೂ ಕೆಡಿಸಲೂಬಹುದಲ್ಲ? ಇಂಗ್ಲಿಷಿನಲ್ಲಿ ಇದಕ್ಕೆಂದೇ 2009ರಿಂದ ಜರಡಿಯಿದೆ, 2010ರಿಂದ ಕ್ಲೂಬಾಟ್ ಎನ್‌ಜಿ ಎಂಬ ಕಾವಲುಗಾರನಿದ್ದಾನೆ. ಕನ್ನಡಕ್ಕೂ ಅಂಥದೊಂದು ಮಾಡುತ್ತೇನೆಂದು ಇವನು ಹೊರಟಿದ್ದ.

"ಮಾಮಾ, ಇದು ಬೈಗುಳದ ಪಟ್ಟಿ ನೋಡ್ರಿ. ಇದರಾಗಿಂದ ಒಂದು ಶಬ್ದ ಸಿಕ್ಕರ ಮಷೀನು ಅಂಕ ಕೊಡ್ತದ. ಅಂಕ ಹೆಚ್ಚಾದರ ತಿದ್ದಿದ್ದು ವಾಪಸ್!"

ಪಟ್ಟಿ ಸಭ್ಯವಾಗಿತ್ತು: ಮಂಗ, ಕಳ್ಳ, ಹುಚ್ಚ, ಕತ್ತೆ. ನಮ್ಮ ಅಕ್ಕ ಇವನನ್ನು ದಿನಾ ಕರೆಯುತ್ತಿದ್ದುದೇ ಈ ಹೆಸರುಗಳಲ್ಲಿ.

ಮೊದಲ ಪರೀಕ್ಷೆಗೇ ಮಂಗಳೂರು ಸಿಕ್ಕಿಬಿತ್ತು. ಊರಿನ ಹೆಸರಿನ ಮುಂಭಾಗದಲ್ಲೇ ಮಂಗ ಕೂತಿದೆಯಲ್ಲ! ಮಂಗಳವಾರ ಹೋಯಿತು, ಮಂಗಳಾರತಿ ಹೋಯಿತು, ಆಕಾಶದಲ್ಲಿದ್ದ ಮಂಗಳ ಗ್ರಹವೂ ಕಿಡಿಗೇಡಿಯಾಯಿತು. ಆಮೇಲೆ ಕಳ್ಳನ ಸರದಿ. ಕಂಪ್ಯೂಟರಿಗೆ ಗುಡಿಸು, ಕೊಂಬು, ಏತ್ವ ಎಲ್ಲ ಅಕ್ಷರದ ಬೆನ್ನಿಗೆ ಬರುವ ಬೇರೆ ಬೇರೆ ಚಿಹ್ನೆಗಳು. ಹಾಗಾಗಿ ಕಳ್ಳಿ ಗಿಡದಲ್ಲಿ ಅದಕ್ಕೆ ಕಳ್ಳನೇ ಕಂಡ, ಕಳ್ಳೇಕಾಯಲ್ಲೂ ಕಂಡ, ಈ ಊರಿನ ಕಳ್ಳು ಕಾಂಪೌಂಡಿನಲ್ಲಂತೂ ಕಾಣಲೇಬೇಕು. ಮೈಸೂರು ಕಡೆಯವರು ಹುಚ್ಚೆಳ್ಳು ಅಂತ ಬರೆದರೆ ಚಟ್ನಿ ಸಮೇತ ಹೊರಗೆ, ನಾವು ಗುರೆಳ್ಳು ಅಂದರೆ ಒಳಗೆ. ಏಕೀಕರಣವಾಗಿ ಇಷ್ಟು ವರ್ಷವಾದ ಮೇಲೂ ಉತ್ತರ ಕರ್ನಾಟಕಕ್ಕೆ ನ್ಯಾಯ ಸಿಕ್ಕಿದ್ದು ಇಲ್ಲೊಂದು ಕಡೆ.

"ಇಡೀ ಶಬ್ದ ಹೊಂದಿದರಷ್ಟೇ ಹಿಡಿ ಅಂತ ಹೇಳಪ್ಪಾ," ಅಂದೆ, ತಿಳಿದವನಂತೆ.

ಹೇಳಿದ. ಮಂಗಳೂರು ಬಿಡುಗಡೆಯಾಯಿತು, ಜತೆಗೆ ಅಸಲಿ ಮಂಗಗಳೂ ಪರಾರಿ. ಕನ್ನಡದಲ್ಲಿ ಯಾರು ಬರೇ ಮಂಗ ಅಂತ ಬೈದು ಸುಮ್ಮನಾಗುತ್ತಾರೆ? ಮಂಗನಂಥವನು, ಮಂಗನಿಗಿಂತಲೂ, ಮಂಗಗಳಿರಾ! ವಿಭಕ್ತಿ ಪ್ರತ್ಯಯ ಹಚ್ಚಿಕೊಂಡು ಬಂದವನನ್ನು ಪಟ್ಟಿ ಗುರುತಿಸುವುದೇ ಇಲ್ಲ. ಶಾಲೆಯಲ್ಲಿ ವ್ಯಾಕರಣದ ಮೇಷ್ಟರು ನಮಗೆ ಕೊಟ್ಟ ಕಾಟವನ್ನು ಈಗ ಈ ಮಷೀನು ಅನುಭವಿಸುತ್ತಿದೆ.

ಇನ್ನೂ ಒಂದು ಕಳ್ಳದಾರಿಯಿದೆ, ಅದಕ್ಕೆ ನಮ್ಮ ಬಡಾವಣೆಯೇ ಸಾಕ್ಷಿ. ಸನತ್‌ನಗರ ಅಂತ ಟೈಪ್ ಮಾಡುವಾಗ ತಕಾರದ ನಂತರ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ತೂರಿಸಬೇಕು. ತಪ್ಪಿದರೆ ರತ್ನದಲ್ಲಿ ಆದಂತೆ ನಕಾರ ಕೆಳಗಿಳಿದು ಸನತ್ನಗರ ಆಗುತ್ತದೆ. ಅದೇ ಚಿಹ್ನೆಯನ್ನು ಕಿಡಿಗೇಡಿ ಬೈಗುಳದ ನಡುವೆ ಸಿಕ್ಕಿಸಿ ಕಳ್‌ಳ ಎಂದು ಬರೆದರೆ, ಓದಿದವನಿಗೆ ಮೈ ಉರಿಯುತ್ತದೆ, ಪಟ್ಟಿಗೆ ಮಾತ್ರ ಅದು ಯಾವುದೋ ಹೊಸ ಶಬ್ದ.

ಹಾಗಾಗಿ ಬಲ್ಲವರು ಪಟ್ಟಿಯನ್ನೇ ನಂಬಿ ಕೂರುವುದಿಲ್ಲವಂತೆ. ಕೆಟ್ಟ ತಿದ್ದುಪಡಿ, ಒಳ್ಳೆ ತಿದ್ದುಪಡಿ ಅಂತ ಮನುಷ್ಯರು ಗುರುತು ಹಾಕಿದ ರಾಶಿಯನ್ನು ಮಷೀನಿಗೆ ಉಣಿಸುತ್ತಾರೆ. ಯಾವ ಶಬ್ದ ಯಾವ ರಾಶಿಯಲ್ಲಿ ಎಷ್ಟು ಸಲ ಬಂತು ಎಂದು ಅದು ಲೆಕ್ಕ ಹಾಕಿ, ಹೊಸದನ್ನು ತೂಗುತ್ತದೆ. ಒಂದೇ ಅಕ್ಷರ ಹತ್ತು ಸಲ ಒತ್ತಿದ್ದಾರಾ, ಪುಟವನ್ನೇ ಅಳಿಸಿದ್ದಾರಾ, ಅದನ್ನೂ ನೋಡುತ್ತದೆ. ಇಂಗ್ಲಿಷಿನಲ್ಲಿ ಅಂಥ ರಾಶಿ ಬೆಟ್ಟದಷ್ಟಿದೆ. ಕನ್ನಡದಲ್ಲಿ ಕಿಡಿಗೇಡಿಗಳದೂ ಕೊರತೆ!

ನನಗೆ ಭಯವಿರುವುದು ಮಾತ್ರ ಬೈಯದವರದೇ. ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯದಿಂದ ಕನ್ನಡನಾಡಿಗೆ ಸೇರಿದ್ದು 1956ರಲ್ಲಿ. ಯಾರೋ ಪುಣ್ಯಾತ್ಮ ತಣ್ಣಗೆ ಅದನ್ನು 1965 ಮಾಡಿ ಹೋದರೆ? ಒಂದು ಕೆಟ್ಟ ಶಬ್ದವಿಲ್ಲ. ಅಂಕಿ ಅದಲು ಬದಲು, ಅಷ್ಟೇ. ಯಾವ ಪಟ್ಟಿ ಹಿಡಿದೀತು?

"ಹಂಗಲ್ರಿ ಮಾಮಾ, ಅದಕ್ಕೂ ಒಂದು ಉಪಾಯ..." ಎಂದು ಅವನು ಶುರುಮಾಡುವಷ್ಟರಲ್ಲಿ ನಾನು ಒಳಗೆ ಕೂಗಿ ಇನ್ನೊಂದು ಕಪ್ ಚಹಾ ಕೇಳಿದೆ. ಆ ಸಂಜೆಗೆ ಅದು ಮೂರನೆಯದು.

"ಬಂದೆರೀ ಮಹಾಸ್ವಾಮಿ! ನಿಮ್ಮಂಥ ಜ್ಞಾನಿಗಳ ಸೇವಾ ಮಾಡೂದಂದ್ರ ನಮ್ಮ ಪೂರ್ವಜನ್ಮದ ಪುಣ್ಯ!" ಎಂದು ಅಡುಗೆಮನೆಯಿಂದ ಉತ್ತರ ಬಂತು, ಹಿಂದೆಯೇ ಪಾತ್ರೆ ಕುಕ್ಕಿದ ಸದ್ದೂ ಬಂತು.

ಹುಡುಗ ಆ ಮಾತನ್ನು ಅಕ್ಷರ ಬಿಡದೆ ಟೈಪ್ ಮಾಡಿ ಗುಂಡಿ ಒತ್ತಿದ. ಮಷೀನು ಕೊಟ್ಟ ಅಂಕ ಸೊನ್ನೆ. ನಾನು ಎದ್ದು ಚಹಾಕ್ಕೆ ನೀರಿಟ್ಟೆ.