ಸೆಟ್ಟಾಯ್ತಾ?

ಸಿನಿಮಾ ಪುಟದಲ್ಲಿ ಆಗಾಗ ಒಂದು ಚಿತ್ರ ‘ಸೆಟ್ಟೇರುತ್ತದೆ’. ಮದುಮಗ ಹಸೆಮಣೆ ಏರಿದ ಹಾಗೆ. ಚಿತ್ರೀಕರಣ ಸಕಲೇಶಪುರದ ಕಾಫಿ ತೋಟದಲ್ಲೇ ನಡೆಯಲಿ, ಪ್ಲೈವುಡ್ಡಿನ ಒಂದು ಚೂರೂ ಅಲ್ಲಿರದೆ ಹೋಗಲಿ, ಏರಿದ್ದು ಮಾತ್ರ ಸೆಟ್ಟೇ!

‘ಸೆಟ್’ ಎಂದು ಬರೆದರೆ ಒಂದೂವರೆ ಅಕ್ಷರ. ಇಂಗ್ಲಿಷಿನವರು ಇದನ್ನು ದುಡಿಸಿಕೊಂಡ ಪರಿ ನೋಡಿದರೆ ಅಯ್ಯೋ ಅನಿಸುತ್ತದೆ. 1989ರ ಆಕ್ಸ್‌ಫರ್ಡ್ ನಿಘಂಟಿನ 20 ಸಂಪುಟಗಳಲ್ಲಿ ಅತಿ ಹೆಚ್ಚು ಜಾಗ ಹಿಡಿದ ಪದ ಇದೇ. ಸುಮಾರು 430 ಅರ್ಥ, ವಿವರಣೆಗೇ 60,000ದಷ್ಟು ಪದ, ಒಂದು ಕಾದಂಬರಿಯಾಗುವಷ್ಟು. ಸೂರ್ಯ ಮುಳುಗಿದರೂ ಸೆಟ್, ಮುರಿದ ಮೂಳೆ ಕೂಡಿಸಿದರೂ ಸೆಟ್, ಇಲಿಗೆ ಬೋನಿಟ್ಟರೂ ಸೆಟ್. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥ ಪೇರಿಸಿ ಇದನ್ನು ಹಿಂದಿಕ್ಕಿತು. ಟೆಸ್ಟ್ ಪಂದ್ಯವಾಗಿದ್ದರೆ ಅಲ್ಲಿಗೆ ಡಿಕ್ಲೇರ್ ಮಾಡಿಕೊಳ್ಳಬಹುದಿತ್ತು.

ನಮ್ಮವರೂ ಕಡಿಮೆಯಿಲ್ಲ. ಒಡವೆ ಸೆಟ್ಟು, ಹಲ್ಲು ಸೆಟ್ಟು, ಪ್ರಶ್ನೆಪತ್ರಿಕೆಯ ‘ಬಿ’ ಸೆಟ್ಟು. ಬಾವಿಯ ಪಕ್ಕ ಇರುವುದು ರೈತನ ಬಾಯಲ್ಲಿ ಬರೀ ಮೋಟ್ರು. ಅರ್ಜಿ ಬರೆಯುವಾಗ ಅದಕ್ಕೆ ಪಂಪ್‌ಸೆಟ್ ಎಂಬ ಪೂರ್ಣ ನಾಮಧೇಯ. ಸಿಮೆಂಟೂ ಸೆಟ್ಟಾಗಬೇಕು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಗಟ್ಟಿಯಾಗತೊಡಗಕೂಡದು, 10 ಗಂಟೆ ಮೀರಲೂ ಕೂಡದು ಎನ್ನುತ್ತದೆ ಭಾರತೀಯ ಮಾನಕ. ಈ ಮಧ್ಯದ ಅವಧಿ ಬೀದಿನಾಯಿಗಳಿಗೆ ಹೇಗೆ ತಿಳಿಯುತ್ತದೋ! ಮೇಸ್ತ್ರಿ ಗೋಣಿಚೀಲ ಹೊದಿಸಿ, ಇಟ್ಟಿಗೆ ಅಡ್ಡವಿಟ್ಟು ಟೀ ಕುಡಿಯಲು ಹೋದರೆ ಸಾಕು, ನಾಲ್ಕು ಬೆರಳಿನ ಹೆಜ್ಜೆಗಳು ಬಾಗಿಲವರೆಗೆ ಹೋಗಿ, ಅಲ್ಲೇನೋ ಯೋಚಿಸಿ, ವಾಪಸು ಬಂದಿರುತ್ತವೆ.

ಹುಡುಗರದು ಇನ್ನೊಂದೇ ಲೋಕ. ‘ಸೆಟ್ ಆಗಲ್ಲ ಗುರು’ ಅಂದರೆ ಮುಗಿಯಿತು. ಹೇರ್‌ಕಟ್ಟು, ಕೆಲಸ, ಪ್ರೀತಿ, ರೂಮ್‌ಮೇಟು, ಯಾವುದಕ್ಕಾದರೂ ಸರಿ. ಜಾತಕ ಕೂಡಿಬರಲಿಲ್ಲ, ಈ ವರ್ಷ ಮಾಡೋ ಯೋಚನೆ ಇಲ್ಲ, ಹುಡುಗಿ ಇನ್ನೂ ಓದ್ತಾಳಂತೆ ಎಂದು ಹಿರಿಯರು ತಿಂಗಳುಗಟ್ಟಲೆ ಸುತ್ತಿ ಬಳಸಿ ಹೇಳುತ್ತಿದ್ದ ಮಾತಿಗೆ ಇಷ್ಟು ಚುಟುಕಾದ ರೂಪ ಸಿಕ್ಕಿದ್ದು, ನನ್ನ ಮಟ್ಟಿಗೆ, ಒಳ್ಳೆಯದೇ. ಬೇಸರವೂ ಅಷ್ಟಕ್ಕಷ್ಟೇ.

ಇಷ್ಟೆಲ್ಲ ಒಂದೇ ಬೇರಿನದ್ದಲ್ಲ. ಕ್ರಿಯಾಪದವಾದ ಸೆಟ್ಟು ‘ಸಿಟ್’ನ ಒಡಹುಟ್ಟು, ನಾವು ಗಣಪತಿ ಕೂರಿಸುತ್ತೇವಲ್ಲ, ಆ ಜಾತಿ. ಗುಂಪು ಎಂಬ ಅರ್ಥದ ಸೆಟ್ಟು ಹಳೆಯ ಫ್ರೆಂಚಿನ ಹಾದಿಯಲ್ಲಿ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು: ಗುರುವಿನ ಹಿಂದೆ ಹೊರಟ ಅನುಯಾಯಿಗಳ ಪಂಥ. ಹೋಗಿ ಹೋಗಿ ಅದು ನಮ್ಮ ದರ್ಶಿನಿ ಸೇರಿತು. ಒಂದರ ಮೇಲೊಂದು ಕೂತ ಮೂರು ಮೆತ್ತನೆಯ ದೋಸೆ, ಮೇಲೆಲ್ಲ ಸಣ್ಣ ತೂತು, ಪಕ್ಕದಲ್ಲಿ ಸಾಗು. ಪಂಥವೆಂದರೆ ಹೀಗಿರಬೇಕು, ಒಳಜಗಳವಿಲ್ಲ.

ಮೂರು ಹೆಚ್ಚಾಯಿತೆಂದು ಒಂದೇ ಕೇಳಿದರೆ ಮಾಣಿ ಒಳಗೆ ಕೂಗುತ್ತಾನೆ: ‘ಒಂದ್ ಸಿಂಗಲ್ ಸೆಟ್!’ ನಗಬೇಡಿ. ಗಣಿತದವರು ಗಣ ಎನ್ನುವ ಸೆಟ್ಟಿನಲ್ಲಿ ಒಂದೇ ಒಂದು ಇದ್ದರೂ ಲೆಕ್ಕ ಸರಿ. ಏನೂ ಇಲ್ಲದಿದ್ದರೂ ಸರಿಯೇ, ಅದು ಶೂನ್ಯಗಣ. ಆ ಲೆಕ್ಕದಲ್ಲಿ ತಿಂದು ಮುಗಿಸಿದ ತಟ್ಟೆಯಲ್ಲಿ ಉಳಿದದ್ದೂ ಒಂದು ಸೆಟ್ಟೇ. ಕೌಂಟರಿನವನು ಅದಕ್ಕೆ ಬೇರೆ ಬಿಲ್ಲು ಹಾಕುವುದಿಲ್ಲ, ಸದ್ಯ.